ರೆಜಿನಾ ಬಾಯಿ ಆರಿಸಿದ ಲಿಫ್ಟರ್

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆ ಬಾಗಿಲು ಕಾರ್ಖಾನೆಯಲ್ಲಿ ಮುನ್ನೂರ ಹನ್ನೆರಡು ಜನ ಕೆಲಸಕ್ಕಿದ್ದಾರೆ. ಅವರಲ್ಲಿ ಯಾರ ವೀಸಾ ಯಾವ ತಿಂಗಳು ಮುಗಿಯುತ್ತದೆಂದು ಕೇಳಿದರೂ ರೆಜಿನಾ ಡಿಸೋಜ ಕಂಪ್ಯೂಟರಿನತ್ತ ತಿರುಗದೆ ಹೇಳಬಲ್ಲರು. ಕಿನ್ನಿಗೋಳಿ ಕಡೆಯವರು. ಇಪ್ಪತ್ತೆರಡರ ಪ್ರಾಯದಲ್ಲಿ ಶಾರ್ಜಾದ ಒಂದು ಟೈಪಿಂಗ್ ಸೆಂಟರಿಗೆ ಬಂದು, ಎರಡು ವರ್ಷ ಅರಬಿ ಫಾರಂಗಳನ್ನು ಬಲದಿಂದ ಎಡಕ್ಕೆ ತುಂಬಿದರು. ಆಮೇಲೆ ಬದ್ರುದ್ದೀನ್ ಹಾಜಿಯವರ ಕಾರ್ಖಾನೆಗೆ ಸೇರಿದರು. ಆಗ ಅದು ಅಲ್ ಕೂಝ್‌ನಲ್ಲಿದ್ದ ತಗಡಿನ ಶೆಡ್ಡು. ಹದಿನಾಲ್ಕು ಆಳು, ಒಂದು ಗರಗಸದ ಮೆಷಿನು. ಆ ಶೆಡ್ಡು ಬೆಳೆದು ಈಗ ಮೂರು ಗೋದಾಮುಗಳ ಕಾರ್ಖಾನೆಯಾಗಿದೆ. ಹಾಜಿಯವರು ಗೌರವದಿಂದ ‘ಬಾಯಿ’ ಎಂದು ಕರೆಯುವ ರೆಜಿನಾ ಬಾಯಿಗೆ ನಲವತ್ತಾರು ತುಂಬಿದೆ.

ವೀಸಾ, ಎಮಿರೇಟ್ಸ್ ಐಡಿ, ರಜೆ, ಕೆಲಸಗಾರರು ಉಳಿಯುವ ಕ್ಯಾಂಪಿನ ಮಂಚ, ಎಲ್ಲ ಕಾಗದ ಅವರ ಮೇಜಿನ ಮೇಲೆಯೇ ಹಾದುಹೋಗಬೇಕು. ಆದರೆ ಸಹಿ ಹಾಕುವ ಜಾಗ ತೋರಿಸುವುದಷ್ಟೇ ಅವರ ಕೆಲಸ. ಸಹಿ ಯಾವಾಗಲೂ ಬೇರೆಯವರದು. ಇದರ ಜೊತೆಗೆ ಯಾರೂ ವಹಿಸದ ಇನ್ನೊಂದು ಕೆಲಸವೂ ಅವರಿಗಿತ್ತು. ಊರಿನಲ್ಲಿ ತಂದೆ ತೀರಿಹೋದದ್ದು, ವೀಸಾದ ಮೆಡಿಕಲ್ ತಪಾಸಣೆಯಲ್ಲಿ ಫೇಲಾದದ್ದು, ವೀಸಾ ರದ್ದಾದದ್ದು, ಇಂಥ ಸುದ್ದಿಗಳನ್ನು ಕೆಲಸಗಾರರಿಗೆ ತಿಳಿಸಬೇಕಾದಾಗ ಉಳಿದವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ಕೊನೆಗೆ ಅದು ಇವರ ಪಾಲಿಗೆ ಬಂತು. ಇವರು ಆ ಮನುಷ್ಯನನ್ನು ಕರೆಸಿ, ಕುರ್ಚಿ ಕೊಟ್ಟು, ನೀರು ಕೊಟ್ಟು, ಮೊದಲ ಮಾತಿನಲ್ಲೇ ವಿಷಯ ಹೇಳಿಬಿಡುತ್ತಿದ್ದರು. ಸುತ್ತಿ ಬಳಸಿ ಹೇಳಿದರೆ ಕೇಳುವವನು ಎರಡು ಸಲ ಸಾಯಬೇಕಾಗುತ್ತದೆ ಎಂಬುದು ಅವರ ಅನುಭವ.

ಹಾಜಿಯವರಿಗೆ ಬಾಗಿಲಿನ ವ್ಯಾಪಾರದಷ್ಟೇ ವಾಲಿಬಾಲ್ ಇಷ್ಟ. ಕಾರ್ಖಾನೆಯ ಹಿಂದೆ ಕೋರ್ಟು ಹಾಕಿಸಿದ್ದರು. ಆಟ ಬಲ್ಲ ಹುಡುಗರನ್ನು ಊರಿನಿಂದ ಹುಡುಕಿ ತಂದು ಕೆಲಸ ಕೊಟ್ಟಿದ್ದರು. ಪ್ರತಿ ಜನವರಿಯಲ್ಲಿ ಅಬುಧಾಬಿಯಲ್ಲಿ ಕಂಪೆನಿಗಳ ನಡುವೆ ಒಂದು ಪಂದ್ಯಾವಳಿ ನಡೆಯುತ್ತದೆ. ಹನ್ನೊಂದು ವರ್ಷ ಬಿಡದೆ ಅದಕ್ಕೆ ಹೋಗಿದ್ದರೂ ಕಪ್ಪು ಒಮ್ಮೆಯೂ ದುಬೈ ದಾರಿ ಹಿಡಿದಿರಲಿಲ್ಲ.

ಆ ಹನ್ನೊಂದು ವರ್ಷವೂ ತಂಡದ ಲಿಫ್ಟರ್ ಗುಣಪಾಲ. ವಾಲಿಬಾಲಿನಲ್ಲಿ ಎದುರಾಳಿಯ ಚೆಂಡನ್ನು ಮೊದಲನೆಯವನು ತಡೆದು ಎತ್ತಿಕೊಟ್ಟರೆ, ಎರಡನೇ ಮುಟ್ಟು ಲಿಫ್ಟರನದು. ಯಾರು ಹೊಡೆಯಬೇಕು, ಎಲ್ಲಿಂದ ಹೊಡೆಯಬೇಕು, ಎಷ್ಟು ಎತ್ತರದಲ್ಲಿ ಹೊಡೆಯಬೇಕು ಎಂಬುದೆಲ್ಲ ಅವನ ಹತ್ತು ಬೆರಳುಗಳಲ್ಲಿ ತೀರ್ಮಾನವಾಗುತ್ತದೆ. ಹೊಡೆದವನಿಗೆ ಚಪ್ಪಾಳೆ, ಆಟ ಮಾತ್ರ ಲಿಫ್ಟರನದು. ಗುಣಪಾಲನಿಗೆ ನಲವತ್ತೆರಡು. ಮೂಲ್ಕಿಯವನು, ಹದಿನೇಳು ವರ್ಷದ ಹಿಂದೆ ಆಟಕ್ಕೆಂದೇ ಬಂದವನು, ಈಗ ಪಾಲಿಶ್ ವಿಭಾಗದ ಫೋರ್‌ಮನ್. ತಂಡದ ಕ್ಯಾಪ್ಟನ್ ಅವನೇ, ಕೋಚೂ ಅವನೇ. ಕ್ಯಾಂಪಿನಲ್ಲಿ ಜಗಳವಾದರೆ ಅವನ ಮಾತೇ ಕೊನೆಯ ಮಾತು.

ಹೋದ ಸೆಪ್ಟೆಂಬರಿನಲ್ಲಿ ಕಾರ್ಕಳ ಕಡೆಯ ತಿಲಕ್ ಬಂದ. ಇಪ್ಪತ್ತಮೂರು ವರ್ಷ, ಆರಡಿ ಎರಡಿಂಚು ಎತ್ತರ, ಯುನಿವರ್ಸಿಟಿ ತಂಡಕ್ಕೆ ಆಡಿದ ಹುಡುಗ. ಅವನ ವೀಸಾ ಕಾಗದದಲ್ಲಿ ‘ಸ್ಟೋರ್ ಅಸಿಸ್ಟೆಂಟ್’ ಎಂದು ತುಂಬಿದವರು ರೆಜಿನಾ ಬಾಯಿಯೇ. ಅವನೂ ಲಿಫ್ಟರ್. ಎರಡೇ ತಿಂಗಳಲ್ಲಿ ಕ್ಯಾಂಪು ಎರಡು ಪಾಲಾಯಿತು. ಹಳಬರು ಗುಣಪಾಲಣ್ಣನೇ ಸರಿ ಎಂದರು. ಹೊಸಬರು, ಹಾಜಿಯವರ ಮಗ, ಎಲ್ಲರೂ ತಿಲಕನೇ ಆಗಬೇಕೆಂದರು. ಕ್ಯಾಂಟೀನಿನಲ್ಲಿ ಮೇಜುಗಳೇ ಬೇರೆಯಾದವು. ಕೋಚ್ ಹೇಳಲಿ ಎಂದರೆ, ತನ್ನ ಜಾಗದ ತೀರ್ಪನ್ನು ಅವನು ತಾನೇ ಹೇಗೆ ಕೊಟ್ಟಾನು?

ನವೆಂಬರಿನ ಒಂದು ಬೆಳಿಗ್ಗೆ ಹಾಜಿಯವರು ರೆಜಿನಾ ಬಾಯಿಯನ್ನು ಕ್ಯಾಬಿನ್ನಿಗೆ ಕರೆದರು.

“ಬಾಯೀ, ಈ ವರ್ಷ ಟೀಮಿಗೆ ಮ್ಯಾನೇಜರ್ ನೀವು.”

ಬಸ್ಸು, ಊಟ, ಜರ್ಸಿ ನೋಡಿಕೊಳ್ಳಲು ಹೇಳುತ್ತಿದ್ದಾರೆಂದುಕೊಂಡು ರೆಜಿನಾ ಬಾಯಿ “ಆಯ್ತು ಹಾಜಿಯವರೇ” ಎಂದರು.

“ಬಸ್ಸಿಗಲ್ಲ. ಲಿಫ್ಟರ್ ಯಾರು ಅಂತ ಹೇಳಬೇಕಾದವರೂ ನೀವೇ.”

“ಚೆಂಡು ದುಂಡಗೆ ಇರ್ತದೆ ಅಂತ ಬಿಟ್ಟರೆ ನನಗೆ ಎಂತದೂ ಗೊತ್ತಿಲ್ಲ.”

“ಅದಕ್ಕೇ ನೀವು. ಗೊತ್ತಿದ್ದವರೆಲ್ಲ ಆಗಲೇ ಒಂದೊಂದು ಕಡೆ ಸೇರಿ ಆಗಿದೆ. ನಾನೂ ಸೇರಿದ್ದೇನೆ, ಯಾವ ಕಡೆ ಅಂತ ಮಾತ್ರ ಕೇಳಬೇಡಿ. ನೀವು ಹೇಳಿದ್ದಕ್ಕೆ ನಾನು ಸಹಿ ಹಾಕುವುದಿಲ್ಲ. ನಿಮ್ಮದೇ ಸಹಿ.”

ಅವತ್ತು ಸಂಜೆ ಅಲ್ ನಹ್ದಾದ ಮನೆಯಲ್ಲಿ ಇದನ್ನು ಹೇಳಿದಾಗ ಗಂಡ ಕ್ಲಾರೆನ್ಸ್ ತಟ್ಟೆಯಿಂದ ತಲೆ ಎತ್ತಿ, “ಬೇಡದ ಉಸಾಬರಿ. ಗೆದ್ದರೆ ಅವರ ಹೆಸರು, ಸೋತರೆ ನಿನ್ನ ಹೆಸರು” ಎಂದ. ಹನ್ನೊಂದನೇ ಕ್ಲಾಸಿನ ಮಗಳು, “ಮಮ್ಮಾ, ಯು ಡೋಂಟ್ ಈವನ್ ನೋ ದ ರೂಲ್ಸ್” ಎಂದು ನಕ್ಕಳು. ರೆಜಿನಾ ಬಾಯಿ ಅವಳ ಹತ್ತಿರವೇ ಕುಳಿತು, ಫೋನಿನಲ್ಲಿ ನಿಯಮಗಳನ್ನು ಓದಿಸಿಕೊಂಡರು. ಆರು ಜನ. ಇಪ್ಪತ್ತೈದಕ್ಕೆ ಒಂದು ಸೆಟ್ಟು. ಎರಡೆರಡು ಸೆಟ್ಟು ಸಮವಾದರೆ ಐದನೆಯದು, ಅದು ಹದಿನೈದಕ್ಕೇ ಮುಗಿಯುತ್ತದೆ.

ಮರುದಿನ ಅವರು ಮಾಡಿದ ಮೊದಲ ಕೆಲಸ, ತಮಗೆ ಗೊತ್ತಿದ್ದ ಕೆಲಸ: ಫೈಲು ತೆಗೆದರು. ಹನ್ನೊಂದು ವರ್ಷದ ಪಂದ್ಯಗಳ ಸ್ಕೋರ್ ಹಾಳೆಗಳು ಸ್ಟೇಷನರಿ ಕಪಾಟಿನ ಕೆಳಗಿನ ಖಾನೆಯಲ್ಲಿ ಧೂಳು ತಿನ್ನುತ್ತಿದ್ದವು. ಒಂದೊಂದನ್ನೂ ಬಿಡಿಸಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರು ಸೆಟ್ಟಿನಲ್ಲಿ ಮುಗಿದ ಆಟಗಳನ್ನೆಲ್ಲ ಹೆಚ್ಚುಕಡಿಮೆ ಇವರೇ ಗೆದ್ದಿದ್ದರು. ಐದನೇ ಸೆಟ್ಟಿಗೆ ಹೋದ ಆಟಗಳು ಹನ್ನೆರಡು, ಹತ್ತರಲ್ಲಿ ಸೋಲು.

ಊಟದ ಹೊತ್ತಿಗೆ ಸಿಕ್ಕ ಗುಣಪಾಲನನ್ನು ಕೇಳಿದರು. “ಗುಣಪಾಲ, ಐದನೇ ಸೆಟ್ಟಿನಲ್ಲಿ ನಮಗೆ ಎಂತ ಆಗ್ತದೆ?”

“ಹಣೆಬರಹ ರೆಜಿನಕ್ಕ, ಮತ್ತೆಂತ?” ಎಂದು ಅವನು ನಕ್ಕ.

ಹತ್ತು ಸಲ ಒಂದೇ ರೀತಿ ಬರೆದ ಹಣೆಬರಹವನ್ನು ರೆಜಿನಾ ಬಾಯಿ ನಂಬಲಿಲ್ಲ.

ಭಾನುವಾರ ಕಾರ್ಖಾನೆಗೆ ರಜೆ. ಆ ಭಾನುವಾರ ಗುಣಪಾಲನನ್ನು ಲಿಫ್ಟರ್ ಮಾಡಿ, ಮುಖ್ಯ ತಂಡ ಮತ್ತು ಎರಡನೇ ತಂಡದ ನಡುವೆ ಬದಿ ಬದಲಿಸದೆ ಐದು ಸೆಟ್ಟು ಆಡಿಸಿದರು. ಮುಂದಿನ ಭಾನುವಾರ ತಿಲಕನನ್ನಿಟ್ಟು ಮತ್ತೆ ಐದು ಸೆಟ್ಟು. ಗೆದ್ದರೂ ಸೋತರೂ ಐದೂ ಆಡಲೇಬೇಕು ಎಂದಾಗ ಹುಡುಗರು ಗೊಣಗಿದರು. ಆಟ ಬಲ್ಲವರೆಲ್ಲ ತಮ್ಮ ತಂಡದ ಬೆನ್ನಹಿಂದೆ ಸಾಲಾಗಿ ನಿಂತರು. ಆದರೆ ಆ ಬದಿಗೆ ಬಿಸಿಲು ಹೊಡೆಯುತ್ತಿತ್ತು. ಗೋದಾಮಿನ ಗೋಡೆಯ ನೆರಳಿದ್ದದ್ದು ಎದುರು ಪಾಳಯದ ಹಿಂದೆ. ರೆಜಿನಾ ಬಾಯಿ ನೋಟ್‌ಬುಕ್ಕು ಹಿಡಿದು ಅಲ್ಲಿಯೇ ಕುರ್ಚಿ ಹಾಕಿಸಿಕೊಂಡರು. ಆಟ ಗೊತ್ತಿಲ್ಲದ್ದರಿಂದ ಚೆಂಡಿನ ಹಿಂದೆ ಓಡುವ ಅಭ್ಯಾಸ ಅವರ ಕಣ್ಣಿಗಿರಲಿಲ್ಲ. ಅವರು ಮನುಷ್ಯರನ್ನು ನೋಡಿದರು.

ಗುಣಪಾಲ ಆಡಿದ ದಿನ ಎದುರಿನವರು ಮಂಗಗಳಾದರು. ಎಡಬದಿಯಿಂದ ರಿಯಾಝ್ ಹೊಡೆಯುತ್ತಾನೆಂದು ಬಲೆಯ ಹತ್ತಿರ ಇಬ್ಬರು ಎಗರಿದರೆ, ಚೆಂಡು ಬಲಬದಿಯ ಎಡಗೈಯ ಅಲಿಯಬ್ಬನ ಹತ್ತಿರವಿರುತ್ತಿತ್ತು. ರಿಯಾಝ್ ತಂಡದ ದೊಡ್ಡ ಹೊಡೆತಗಾರ, ಅಲಿಯಬ್ಬ ಕಾರ್ಖಾನೆಯ ಫೋರ್ಕ್‌ಲಿಫ್ಟ್ ಡ್ರೈವರ್. ಗುಣಪಾಲನ ಕೈ ಕೊನೆಯ ಕ್ಷಣದವರೆಗೂ ಯಾರಿಗೂ ಸುಳಿವು ಕೊಡುತ್ತಿರಲಿಲ್ಲ. ಮೂರು ಸೆಟ್ಟು ಹೀಗೇ ಹೋಯಿತು. ನಾಲ್ಕನೆಯದರಲ್ಲಿ ಅವನು ಚೆಂಡಿನ ಕೆಳಗೆ ಒಂದು ಹೆಜ್ಜೆ ತಡವಾಗಿ ಬರತೊಡಗಿದ. ಐದನೆಯದರಲ್ಲಿ ಎರಡು ಹೆಜ್ಜೆ. ಎತ್ತಿದ ಚೆಂಡು ಒಂದು ಗೇಣು ಕೆಳಗೆ ನಿಲ್ಲುತ್ತಿತ್ತು. ರಿಯಾಝ್ ಅದನ್ನು ಬಲೆಗೆ ಹೊಡೆದು, “ನಂದೇ ತಪ್ಪು ಅಣ್ಣಾ” ಎಂದು ತಲೆ ಮುಟ್ಟಿಕೊಳ್ಳುತ್ತಿದ್ದ. ಅವನ ತಪ್ಪಲ್ಲ ಎಂದು ಆ ಬದಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ತಿಲಕ್ ಆಡಿದ ದಿನ ಬೇರೆಯೇ ಕಥೆ. ಎಲ್ಲಿ ಬಿದ್ದ ಚೆಂಡಿನ ಕೆಳಗೂ ಅವನು ಇರುತ್ತಿದ್ದ. ಐದನೇ ಸೆಟ್ಟಿನಲ್ಲೂ ಮೊದಲನೆಯದರ ಹಾಗೇ ಓಡಿದ. ನೋಡಲು ಚೆಂದ. ಆದರೆ ಅವನು ಎಲ್ಲಿಗೆ ಎತ್ತಿದರೂ ಎದುರಿನವರು ಅಲ್ಲಿ ಕೈ ಎತ್ತಿ ಕಾದಿರುತ್ತಿದ್ದರು. ಹಿಂದಕ್ಕೆ, ಅಲಿಯಬ್ಬನ ಕಡೆಗೆ ಎತ್ತಿದಾಗಲಂತೂ ಪ್ರತಿ ಸಲ. ಯಾಕೆ ಹೀಗೆ ಎಂದು ಬೆನ್ನಹಿಂದೆ ನಿಂತವರು ತಲೆ ಕೆರೆದುಕೊಂಡರು. ನೆರಳಿನಲ್ಲಿ ಕುಳಿತ ರೆಜಿನಾ ಬಾಯಿಗೆ ಅದು ಎರಡನೇ ಸೆಟ್ಟಿಗೇ ಕಂಡಿತು. ಚೆಂಡನ್ನು ಹಿಂದಕ್ಕೆ ಕಳಿಸುವ ಮೊದಲು, ಅದಿನ್ನೂ ಗಾಳಿಯಲ್ಲಿರುವಾಗಲೇ, ಹುಡುಗನ ಗಲ್ಲ ಮೇಲೇಳುತ್ತಿತ್ತು. ಸೊಂಟ ಮುಂದೆ ಬರುತ್ತಿತ್ತು. ತಾನು ಮಾಡಲಿರುವುದನ್ನು ಅವನ ಮೈ ಒಂದು ಕ್ಷಣ ಮೊದಲೇ ಊರಿಗೆಲ್ಲ ಹೇಳಿಬಿಡುತ್ತಿತ್ತು.

ರೆಜಿನಾ ಬಾಯಿ ಮೂರು ದಿನ ಯೋಚಿಸಿದರು. ಅವರಿಗೆ ಗುಣಪಾಲನೆಂದರೆ ಅಕ್ಕರೆ. ಕೊರೋನಾ ಕಾಲದಲ್ಲಿ ಕ್ಯಾಂಪಿಗೆ ಬೀಗ ಬಿದ್ದಾಗ ಒಳಗಿದ್ದ ಇನ್ನೂರು ಜನರನ್ನು ಸಂಭಾಳಿಸಿ, ದಿನಕ್ಕೆರಡು ಸಲ ಇವರಿಗೆ ಫೋನು ಮಾಡಿ ಒಬ್ಬೊಬ್ಬರ ಜ್ವರದ ಲೆಕ್ಕ ಕೊಟ್ಟವನು ಅವನು. ಅವನನ್ನು ಕೂರಿಸುವುದೆಂದರೆ ಕ್ಯಾಂಪಿನ ಬೆನ್ನುಮೂಳೆಗೇ ಕೈ ಹಾಕಿದಂತೆ. ಆದರೆ ಹುಡುಗನ ಗಲ್ಲವನ್ನು ಇಳಿಸಬಹುದು. ನಲವತ್ತೆರಡರ ಮೊಣಕಾಲನ್ನು ಇಪ್ಪತ್ತಮೂರಕ್ಕೆ ಇಳಿಸಲಾಗದು. ಆ ಗಲ್ಲವನ್ನು ಇಳಿಸಬಲ್ಲ ಮನುಷ್ಯ ಇಡೀ ದುಬೈಯಲ್ಲಿ ಅವರಿಗೆ ಗೊತ್ತಿದ್ದವನು ಒಬ್ಬನೇ.

ಗುರುವಾರ ಗುಣಪಾಲನನ್ನು ಆಫೀಸಿಗೆ ಕರೆಸಿದರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆ ಕುರ್ಚಿ, ಆ ನೀರಿನ ಅರ್ಥ ಕಾರ್ಖಾನೆಯ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅವನ ಮುಖ ಬಿಳುಪೇರಿತು.

“ಊರಲ್ಲಿ ಎಲ್ಲ ಸುಖವೇ. ಇದು ಆಟದ ವಿಷಯ” ಎಂದರು ರೆಜಿನಾ ಬಾಯಿ. “ಜನವರಿಗೆ ಲಿಫ್ಟರ್ ತಿಲಕ್. ನಾಲ್ಕನೇ ಸೆಟ್ಟಿನಿಂದ ನಿಮ್ಮ ಕಾಲು ಬರುವುದಿಲ್ಲ ಗುಣಪಾಲ. ಚೆಂಡು ಕೆಳಗೆ ನಿಲ್ತದೆ. ರಿಯಾಝ್ ತಪ್ಪು ತನ್ನ ಮೇಲೆ ಹಾಕಿಕೊಳ್ತಾನೆ. ಹನ್ನೆರಡರಲ್ಲಿ ಹತ್ತು ಸೋತದ್ದು ಅಲ್ಲಿಯೇ.”

ಗುಣಪಾಲ ನೀರನ್ನು ಮುಟ್ಟಲಿಲ್ಲ.

“ಇನ್ನೊಂದು ಉಂಟು. ಆ ಹುಡುಗನಲ್ಲಿ ಒಂದು ದೋಷ ಉಂಟು. ಅದನ್ನು ತೆಗೆಯಲಿಕ್ಕೆ ನಿಮ್ಮಿಂದ ಮಾತ್ರ ಆಗ್ತದೆ.”

“ನನ್ನ ಜಾಗಕ್ಕೆ ಬರುವವನನ್ನು ನಾನೇ ತಯಾರು ಮಾಡಬೇಕಾ?”

“ಹೌದು.”

“ಹದಿನೇಳು ವರ್ಷ ರೆಜಿನಕ್ಕ.”

“ಗೊತ್ತುಂಟು. ನಿಮ್ಮ ಕಾಗದ ಪ್ರತಿ ಸಲ ಮಾಡಿದ್ದು ನಾನೇ.”

ಅವನು ಎದ್ದು, ಕುರ್ಚಿಯನ್ನು ಶಬ್ದವಾಗದಂತೆ ಒಳಗೆ ಸರಿಸಿ, ಹೊರಗೆ ಹೋದ.

ಒಂಬತ್ತು ದಿನ ಗುಣಪಾಲ ಕೋರ್ಟಿನ ಕಡೆ ಸುಳಿಯಲಿಲ್ಲ. ಪಾಲಿಶ್ ವಿಭಾಗಕ್ಕೆ ಬಂದು ಕೆಲಸ ಮಾಡಿ ಹೋಗುತ್ತಿದ್ದ, ಅಷ್ಟೇ. ರೆಜಿನಾ ಬಾಯಿ ಕ್ಯಾಂಟೀನಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಇಪ್ಪತ್ತು ವರ್ಷದಿಂದ ಕೇಳದೆಯೇ ಚಹಾ ತಂದಿಡುತ್ತಿದ್ದ ಅಡುಗೆಯವನು, ಈಗ ಅವರು ಕೇಳುವವರೆಗೂ ಬೆನ್ನು ತಿರುಗಿಸಿ ನಿಂತಿರುತ್ತಿದ್ದ. ಹೊಸಬರಾದರೂ ಸಂತೋಷಪಟ್ಟರೋ ಎಂದರೆ ಅದೂ ಇಲ್ಲ. ತಿಲಕನೇ ಬಂದು ಬಾಗಿಲಲ್ಲಿ ನಿಂತ.

“ಮೇಡಂ, ನನಗೆ ಬೇಡ. ಅಣ್ಣ ನನ್ನ ಮುಖ ನೋಡುವುದಿಲ್ಲ. ನನಗೆ ಪಾಸೇ ಕೊಡುವುದಿಲ್ಲ ಇವರು.”

“ಬೇಡ ಅನ್ನುವುದಾದರೆ ಕಾಗದದಲ್ಲಿ ಬರೆದು ಕೊಡು. ‘ನಾನು ಆಡುವುದಿಲ್ಲ’ ಅಂತ ಬರೆದು ಸಹಿ ಹಾಕು.”

ಅವನು ಪೆನ್ನು ಕೈಗೆತ್ತಿಕೊಂಡು, ಬರೆಯದೆ ಇಟ್ಟು ಹೋದ. ಅದು ಒಳ್ಳೆಯ ಲಕ್ಷಣ ಎಂದು ರೆಜಿನಾ ಬಾಯಿ ಮನಸ್ಸಿನಲ್ಲೇ ಅಂದುಕೊಂಡರು. ಮನೆಯಲ್ಲಿ ಕ್ಲಾರೆನ್ಸ್, “ಒಂದು ಮಾತು ಹೋಗಿ ಗುಣಪಾಲನ ಹತ್ತಿರ ಹೇಳಿಬಿಡು, ಎಂತ ಹೋಗ್ತದೆ?” ಎಂದ. ಅವರು ಹೋಗಲಿಲ್ಲ. ಹೇಳಿದ್ದು ನಿಜ, ನಿಜಕ್ಕೆ ಕ್ಷಮೆ ಕೇಳುವುದು ಅವರಿಗೆ ಬರುತ್ತಿರಲಿಲ್ಲ. ಆದರೂ ಶಾರ್ಜಾ ಗಡಿಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ, ತಾನು ತಪ್ಪಿರಬಹುದೇ ಎಂದು ಸ್ಕೋರ್ ಹಾಳೆಗಳ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ಹಾಕುತ್ತಿದ್ದರು.

ಹತ್ತನೆಯ ದಿನ ಭಾನುವಾರ. ಹುಡುಗರು ಮನಸ್ಸಿಲ್ಲದ ಮನಸ್ಸಿನಿಂದ ಚೆಂಡು ತಟ್ಟುತ್ತಿದ್ದರು. ಗುಣಪಾಲ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬಂದ. ಯಾರ ಕಡೆಗೂ ನೋಡದೆ ಕೋರ್ಟನ್ನು ಬಳಸಿಕೊಂಡು ಸೀದಾ ನೆರಳಿನ ಬದಿಗೆ ಬಂದು, ರೆಜಿನಾ ಬಾಯಿಯ ಕುರ್ಚಿಯ ಪಕ್ಕದಲ್ಲಿ ನಿಂತ.

“ನಿನ್ನೆ ರಿಯಾಝನನ್ನು ಕೇಳಿದೆ” ಎಂದ. “ಐದನೇ ಸೆಟ್ಟಿನಲ್ಲಿ ನನ್ನ ಚೆಂಡು ಕೆಳಗೆ ನಿಲ್ತದಾ ಅಂತ. ಅವನು ನೆಲ ನೋಡಿದ. ಹನ್ನೊಂದು ವರ್ಷ ಒಟ್ಟಿಗೆ ಆಡಿದ್ದೇವೆ ರೆಜಿನಕ್ಕ, ಅವನು ಒಮ್ಮೆ ಹೇಳಲಿಲ್ಲ. ಹೇಳಿದ್ದರೆ ನಾನು ಎಂತಾದರೂ ಮಾಡುತ್ತಿದ್ದೆ.” ಟ್ರ್ಯಾಕ್ ಪ್ಯಾಂಟಿನ ದಾರ ಬಿಗಿಯುತ್ತ, “ಹುಡುಗನ ದೋಷ ಎಂತದು?” ಎಂದ.

“ಇಲ್ಲಿ ನಿಂತು ನೋಡಿ.”

ಅವನು ನಾಲ್ಕು ಚೆಂಡು ನೋಡಿದ. ಐದನೆಯದು ತಿಲಕನ ಕೈ ಮುಟ್ಟುವ ಮೊದಲೇ “ಹಿಂದೆ” ಎಂದ. ಚೆಂಡು ಹಿಂದಕ್ಕೇ ಹೋಯಿತು. ಗುಣಪಾಲ ಹತ್ತು ದಿನದಲ್ಲಿ ಮೊದಲ ಸಲ ನಕ್ಕ. “ಮಾರಾಯ, ಈ ಬದಿಗೆ ನಾನು ಒಮ್ಮೆಯೂ ಬಂದು ನಿಲ್ಲಲಿಲ್ಲವಲ್ಲ” ಎಂದು ತನಗೆ ತಾನೇ ಹೇಳಿಕೊಂಡ.

ಅವತ್ತಿನಿಂದ ಪಾಠ ಶುರುವಾಯಿತು. ತಿಲಕ್ ಇಪ್ಪತ್ತು ಚೆಂಡು ಎತ್ತಬೇಕು. ಎದುರು ನಿಂತ ಗುಣಪಾಲ, ಅವನ ಬೆರಳು ಚೆಂಡಿಗೆ ತಾಗುವ ಮೊದಲು ‘ಮುಂದೆ’ ಅಥವಾ ‘ಹಿಂದೆ’ ಎಂದು ಕೂಗುತ್ತಾನೆ. ಗುಣಪಾಲ ಹೇಳಿದ್ದು ಸರಿಯಾದಷ್ಟು ಸಲ ತಿಲಕ್ ಗೋದಾಮಿನ ಸುತ್ತ ಓಡಬೇಕು. ಮೊದಲ ದಿನ ಹತ್ತೊಂಬತ್ತು ಸುತ್ತು. ಹುಡುಗ ಬೆವರು ಸುರಿಸಿಕೊಂಡು ಬಂದು ನೆಲಕ್ಕೆ ಕುಸಿದಾಗ ಗುಣಪಾಲ ನೀರಿನ ಬಾಟಲಿ ಕೊಟ್ಟು, “ನಾಳೆ ಕೆಲಸ ಮುಗಿಸಿ ಬಾ. ಗಲ್ಲದ ಕೆಳಗೆ ಟವೆಲ್ ಇಟ್ಟುಕೊಂಡು ಎತ್ತು. ಟವೆಲ್ ಬಿದ್ದರೆ ಇನ್ನೊಂದು ಸುತ್ತು” ಎಂದ. ಎರಡನೇ ವಾರಕ್ಕೆ ಹದಿಮೂರು ಸುತ್ತಾಯಿತು. ನಾಲ್ಕನೆಯದಕ್ಕೆ ಏಳು. ಡಿಸೆಂಬರ್ ಮುಗಿಯುವಾಗ ಮೂರು. ಆ ಹೊತ್ತಿಗೆ ಕ್ಯಾಂಟೀನಿನ ಮೇಜುಗಳು ತಾವಾಗಿಯೇ ಒಂದಾಗಿದ್ದವು. ಎಷ್ಟು ಸುತ್ತು ಎಂದು ಸಂಜೆ ಲೆಕ್ಕ ಕೇಳುವುದು ಇಡೀ ಕ್ಯಾಂಪಿಗೆ ಚಟವಾಗಿತ್ತು.

ಜನವರಿಯಲ್ಲಿ ಮೂರು ಭಾನುವಾರ, ಮೂರು ಪಂದ್ಯ. ಮೊದಲನೆಯದನ್ನು ನೇರ ಮೂರು ಸೆಟ್ಟಿನಲ್ಲಿ ಗೆದ್ದರು. ಸೆಮಿಫೈನಲ್ ನಾಲ್ಕಕ್ಕೆ ಹೋಯಿತು, ಅದನ್ನೂ ಗೆದ್ದರು. ಫೈನಲಿನಲ್ಲಿ ಎದುರಾದದ್ದು ಮುಸಫ್ಫಾದ ಒಂದು ಸ್ಟೀಲ್ ಕಂಪೆನಿಯ ತಂಡ. ಮೂರು ವರ್ಷದಿಂದ ಕಪ್ಪು ಅವರ ಹತ್ತಿರವೇ ಇತ್ತು. ಆರರಲ್ಲಿ ಐವರು ಕೇರಳದ ಹುಟ್ಟು ವಾಲಿಬಾಲಿಗರು.

ಕಾರ್ಖಾನೆಯಿಂದ ನಾಲ್ಕು ಬಸ್ಸು ಹೊರಟವು. ಸಂಜೆ ಐದಕ್ಕೆ ಅಬುಧಾಬಿಯ ಒಳಾಂಗಣ ಕ್ರೀಡಾಂಗಣದಲ್ಲಿ ಆಟ ಶುರುವಾದಾಗ ಗ್ಯಾಲರಿಯ ಒಂದು ಬದಿ ಪೂರ್ತಿ ಇವರದೇ. ಹಾಜಿಯವರು ಮೊದಲ ಸಾಲಿನಲ್ಲಿ ಮಗನೊಂದಿಗೆ ಕುಳಿತಿದ್ದರು. ಬೆಂಚಿನ ಮೇಲೆ ರೆಜಿನಾ ಬಾಯಿ, ಪಕ್ಕದಲ್ಲಿ ಗುಣಪಾಲ. ಅವನೂ ಜರ್ಸಿ ಹಾಕಿದ್ದ. ಯಾವ ಕ್ಷಣಕ್ಕಾದರೂ ಇಳಿಯಬಲ್ಲ.

ಮೊದಲ ಸೆಟ್ಟಿನಲ್ಲಿ ತಿಲಕ್ ಹೆದರಿದ. ಹೆದರಿದವನು ಬಲಶಾಲಿಯ ಹಿಂದೆ ಅಡಗುತ್ತಾನೆ. ಇವನು ಬಂದ ಚೆಂಡನ್ನೆಲ್ಲ ರಿಯಾಝನಿಗೇ ಎತ್ತಿದ. ಎದುರಿನ ಮೂವರೂ ರಿಯಾಝನ ಮುಂದೆ ಗೋಡೆಯಾಗಿ ಎದ್ದರು. ಹತ್ತೊಂಬತ್ತಕ್ಕೆ ಇಪ್ಪತ್ತೈದು, ಸೋಲು. ಎರಡನೇ ಸೆಟ್ಟು ಶುರುವಾಗಿ ಏಳಕ್ಕೆ ಮೂರು ಹಿಂದೆ ಬಿದ್ದಾಗ ಗ್ಯಾಲರಿಯಲ್ಲಿ ಕೂಗು ಎದ್ದಿತು. “ಗುಣಪಾಲ, ಗುಣಪಾಲ.” ಇನ್ನೂರು ಗಂಟಲು, ಒಂದೇ ಹೆಸರು. ರೆಜಿನಾ ಬಾಯಿ ಟೈಮ್‌ಔಟ್ ಕೇಳಿದರು. ರಿಯಾಝ್ ಬಲೆಯ ಹತ್ತಿರದಿಂದ ದಾಪುಗಾಲು ಹಾಕಿಕೊಂಡು ಬಂದ.

“ಮೇಡಂ, ಗುಣಪಾಲಣ್ಣನನ್ನು ಇಳಿಸಿ. ಖಲಾಸ್, ಇವನಿಂದ ಆಗುವುದಿಲ್ಲ.”

ತಿಲಕ್ ಜರ್ಸಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ರೆಜಿನಾ ಬಾಯಿಯ ಬ್ಯಾಗಿನಲ್ಲಿ ಫೋನು ಅಲುಗಾಡಿತು. ಗ್ಯಾಲರಿಯಲ್ಲಿ ಹಾಜಿಯವರ ಮಗ ಕಿವಿಗೆ ಫೋನು ಹಿಡಿದು ಇವರನ್ನೇ ನೋಡುತ್ತಿದ್ದ. ಅವರು ಬ್ಯಾಗಿನ ಜಿಪ್ಪು ಎಳೆದು ಮುಚ್ಚಿದರು. ಆಮೇಲೆ ಪಕ್ಕಕ್ಕೆ ತಿರುಗಿದರು.

“ಗುಣಪಾಲ, ನೀವು ಹೇಳಿ. ಇಳಿಯುತ್ತೀರಾ?”

ಇಳಿಯುತ್ತೇನೆಂದರೆ ಬೇಡವೆನ್ನುವ ಧೈರ್ಯ ತನಗೆ ಇದೆಯೇ ಎಂದು ಅವರಿಗೆ ಗೊತ್ತಿರಲಿಲ್ಲ. ಗುಣಪಾಲ ಗ್ಯಾಲರಿಯತ್ತ ನೋಡಿದ. ತನ್ನ ಹೆಸರನ್ನು ಕೇಳಿದ. ಅಷ್ಟು ಜನ ಒಟ್ಟಿಗೆ ಅದನ್ನು ಕೂಗಿದ್ದು ಅವನ ಬದುಕಿನಲ್ಲಿ ಅದೇ ಮೊದಲು. ಆಮೇಲೆ ಕೋರ್ಟಿನತ್ತ ತಿರುಗಿದ.

“ಬೇಡ” ಎಂದ. “ಇವನೇ ಇರಲಿ. ತಿಲಕ್, ಇಲ್ಲಿ ನೋಡು. ಅವರ ನಡುವಿನವನು ನಿನ್ನನ್ನು ನೋಡುತ್ತಲೇ ಇಲ್ಲ. ಚೆಂಡು ಏಳುವ ಮೊದಲೇ ರಿಯಾಝನ ಕಡೆ ಓಡ್ತಾನೆ. ನಿನ್ನ ಹಿಂದೆ ಅಲಿಯಬ್ಬ ಒಬ್ಬನೇ ಖಾಲಿ ನಿಂತಿದ್ದಾನೆ, ಮನೆ ಬಾಗಿಲು ತೆರೆದಿಟ್ಟ ಹಾಗೆ. ಮೂರು ಚೆಂಡು ಅವನಿಗೆ ಕೊಡು. ಹೋದರೆ ಹೋಗಲಿ, ಮೂರೂ ಕೊಡು.”

“ಅಣ್ಣಾ, ಗಲ್ಲ...”

“ಗಲ್ಲ ನಾನು ನೋಡಿಕೊಳ್ತೇನೆ. ನೀನು ಕೊಡು.”

ಮೊದಲನೆಯ ಚೆಂಡನ್ನು ಅಲಿಯಬ್ಬ ಖಾಲಿ ನೆಲಕ್ಕೆ ಹೊಡೆದ. ಎರಡನೆಯದನ್ನೂ. ಮೂರನೆಯದಕ್ಕೆ ಎದುರಿನವನು ಅಲಿಯಬ್ಬನ ಕಡೆ ಓಡಿದ. ತಿಲಕ್ ಅದನ್ನು ಕೊಡದೆ ರಿಯಾಝನಿಗೆ ಎತ್ತಿದ. ಹೇಳಿದ್ದನ್ನು ಕೇಳಲಿಲ್ಲವೆಂದು ಗುಣಪಾಲ ತೊಡೆಗೆ ಬಡಿದುಕೊಂಡ, ಆದರೆ ಬಾಯ್ತುಂಬ ನಗುತ್ತಿದ್ದ. “ಕಲಿತ” ಎಂದ. “ರೆಜಿನಕ್ಕ, ಅವನು ಕಲಿತ.”

ಎರಡನೇ ಸೆಟ್ಟು ಇಪ್ಪತ್ತೈದಕ್ಕೆ ಇಪ್ಪತ್ತೆರಡು, ಇವರದು. ಮೂರನೆಯದು ಎರಡು ಅಂಕದಲ್ಲಿ ಕೈ ತಪ್ಪಿತು. ನಾಲ್ಕನೆಯದನ್ನು ಇವರು ಹಿಡಿದರು. ಹಾಗೆ ಆಟ ಐದನೇ ಸೆಟ್ಟಿಗೆ ಬಂತು. ಗ್ಯಾಲರಿಯ ಹಳಬರು ಕೂಗುವುದನ್ನು ಬಿಟ್ಟು ಕೈ ಕಟ್ಟಿಕೊಂಡರು. ಈ ಸೆಟ್ಟು ಅವರಿಗೆ ಗೊತ್ತಿತ್ತು.

ಐದಕ್ಕೆ ಐದು. ಹತ್ತಕ್ಕೆ ಹತ್ತು. ರೆಜಿನಾ ಬಾಯಿ ಜಪಸರ ತಂದಿರಲಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನೇ ಬೆರಳಲ್ಲಿ ತಿರುಗಿಸುತ್ತಿದ್ದರು. ಹದಿಮೂರಕ್ಕೆ ಹನ್ನೆರಡು, ಇವರು ಮುಂದೆ. ಮುಸಫ್ಫಾದವರ ಸರ್ವಿಸ್ ಬಿರುಸಾಗಿ ಬಂತು. ತಡೆದವನ ಕೈಯಿಂದ ಚೆಂಡು ಎಲ್ಲಿಗೋ ಚಿಮ್ಮಿ, ಕೋರ್ಟಿನಾಚೆ ಇವರ ಬೆಂಚಿನ ಕಡೆಗೇ ಹಾರಿತು. ತಿಲಕ್ ಬಲೆಯ ಹತ್ತಿರದಿಂದ ಓಡಿಬಂದ. ಆರು ಹೆಜ್ಜೆ. ಅವನ ಷೂ ನೆಲಕ್ಕೆ ಉಜ್ಜಿದ ಕಿರುಚು ಇಡೀ ಒಳಾಂಗಣಕ್ಕೆ ಕೇಳಿತು. ಅಷ್ಟು ದೂರದಿಂದ ಮಾಡಬಹುದಾದದ್ದು ಒಂದೇ, ಎದುರಿಗೆ ಕಾಣುತ್ತಿರುವ ರಿಯಾಝನ ಕಡೆ ಎತ್ತರಕ್ಕೆ ಎಸೆಯುವುದು. ಎದುರಿನ ಮೂವರೂ ಅದನ್ನೇ ನಂಬಿ ರಿಯಾಝನ ಮುಂದೆ ಒಟ್ಟಾದರು. ತಿಲಕನ ಗಲ್ಲ ಎದೆಗೆ ಅಂಟಿಯೇ ಇತ್ತು. ಚೆಂಡು ಅವನ ಬೆರಳು ತಾಗಿ, ಅವನ ತಲೆಯ ಮೇಲಿಂದ ಹಿಂದಕ್ಕೆ, ಇಡೀ ಕೋರ್ಟು ದಾಟಿ ಬಲಬದಿಗೆ ಹೋಯಿತು. ಅಲ್ಲಿ ಅಲಿಯಬ್ಬ ಆಗಲೇ ಗಾಳಿಯಲ್ಲಿದ್ದ. ಎಡಗೈ ಬೀಸಿದ. ಎದುರು ಒಂದು ಕೈಯೂ ಏಳಲಿಲ್ಲ.

ಗುಣಪಾಲ ಎದ್ದು ನಿಂತಿದ್ದ. “ನನಗೂ ಗೊತ್ತಾಗಲಿಲ್ಲ” ಎಂದ. “ರೆಜಿನಕ್ಕ, ನಾನೂ ಮುಂದೆ ಅಂತಲೇ ಅಂದುಕೊಂಡದ್ದು. ನನ್ನ ಕಾಲಿಗೆ ಆ ಚೆಂಡು ಸಿಗುತ್ತಲೇ ಇರಲಿಲ್ಲ.”

ಹದಿನಾಲ್ಕಕ್ಕೆ ಹನ್ನೆರಡು. ಮುಂದಿನ ಚೆಂಡನ್ನು ತಿಲಕ್ ರಿಯಾಝನಿಗೆ ಎತ್ತಿದ, ಸರಿಯಾದ ಎತ್ತರದಲ್ಲಿ. ರಿಯಾಝ್ ಹನ್ನೊಂದು ವರ್ಷದ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿಕೊಂಡ. ಚೆಂಡು ಎದುರಾಳಿಯ ಕೈಗೆ ಬಡಿದು ಗ್ಯಾಲರಿಗೆ ಹೋಗಿ ಬಿತ್ತು. ಅಲ್ಲಿಗೆ ಮುಗಿಯಿತು.

ಆಮೇಲೆ ಏನಾಯಿತೆಂದು ರೆಜಿನಾ ಬಾಯಿಗೆ ಸರಿಯಾದ ಕ್ರಮದಲ್ಲಿ ನೆನಪಿಲ್ಲ. ಗ್ಯಾಲರಿಯ ಇನ್ನೂರು ಜನ ಕೋರ್ಟಿಗೆ ಇಳಿದಿದ್ದರು. ತಿಲಕ್ ಎಲ್ಲರನ್ನೂ ತಳ್ಳಿಕೊಂಡು ಬಂದು ಗುಣಪಾಲನ ಕಾಲು ಮುಟ್ಟಲು ಬಗ್ಗಿದ. ಗುಣಪಾಲ ಅವನನ್ನು ಅರ್ಧದಲ್ಲೇ ಹಿಡಿದೆತ್ತಿ ತಬ್ಬಿಕೊಂಡ. ಹಾಜಿಯವರು ಅಳುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಧ್ವನಿವರ್ಧಕದಲ್ಲಿ ತಂಡದ ಮ್ಯಾನೇಜರನ್ನು ಕರೆದಾಗ, ಯಾರನ್ನು ಕರೆಯುತ್ತಿದ್ದಾರೆಂದು ರೆಜಿನಾ ಬಾಯಿ ಹಿಂದಕ್ಕೆ ತಿರುಗಿ ನೋಡಿದರು. “ನೀವೇ ಬಾಯೀ, ನೀವೇ” ಎಂದು ಹಾಜಿಯವರು ಮುಂದೆ ದಾರಿ ಮಾಡಿಕೊಟ್ಟರು. ಕಪ್ಪು ಅವರಂದುಕೊಂಡದ್ದಕ್ಕಿಂತ ಭಾರವಿತ್ತು. ಒಬ್ಬರೇ ಹಿಡಿಯಲಾಗದೆ ಗುಣಪಾಲನನ್ನೂ ತಿಲಕನನ್ನೂ ಮೇಲೆ ಕರೆದು, ಒಂದೊಂದು ಹಿಡಿಯನ್ನು ಒಬ್ಬೊಬ್ಬರಿಗೆ ಕೊಟ್ಟರು. ಮಗಳಿಗೆ ಫೋನು ಮಾಡಿದಾಗ, “ವೀ ಸಾ ಇಟ್ ಲೈವ್, ಮಮ್ಮಾ” ಎಂದು ಅವಳು ಚೀರಿದಳು. ಹಿಂದೆ ಕ್ಲಾರೆನ್ಸ್ ಪಕ್ಕದ ಫ್ಲ್ಯಾಟಿನವರಿಗೆ ಆಟದ ನಿಯಮ ವಿವರಿಸುತ್ತಿರುವುದು ಕೇಳಿತು.

ಬಸ್ಸು ದುಬೈಯತ್ತ ತಿರುಗಿದಾಗ ಒಳಗೆ ಹಾಡು, ಕೇಕೆ, ಸೀಟಿನ ಬೆನ್ನಿನ ಮೇಲೆ ತಾಳ. ಅಡುಗೆಯವನು ಫ್ಲಾಸ್ಕ್ ಹಿಡಿದುಕೊಂಡು ಓಲಾಡುತ್ತ ಬಂದು, ಯಾರಿಗೂ ಕೊಡುವ ಮೊದಲು ಒಂದು ಚಹಾ ತುಂಬಿ ರೆಜಿನಾ ಬಾಯಿಯ ಕೈಗಿಟ್ಟ. ಅವರು ಕೇಳಿರಲಿಲ್ಲ; ಕುಡಿದರು.

ಗುಣಪಾಲ ಬಂದು ಎದುರಿನ ಸೀಟಿನಲ್ಲಿ ಅಡ್ಡ ಕುಳಿತ. ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತ ಹೇಳಿದ:

“ಒಂದು ಮಾತು ರೆಜಿನಕ್ಕ. ಈ ಸಲ ಊರಿಗೆ ಹೋದಾಗ ಕಾಲಿಗೆ ಸರಿಯಾಗಿ ಚಿಕಿತ್ಸೆ ಮಾಡಿಸಿಕೊಂಡು ಬರ್ತೇನೆ. ಬೆಳಿಗ್ಗೆ ಎದ್ದು ಓಡ್ತೇನೆ. ಮುಂದಿನ ವರ್ಷ ಈ ಹುಡುಗನಿಗೆ ಜಾಗ ಅಷ್ಟು ಸುಲಭದಲ್ಲಿ ಬಿಟ್ಟುಕೊಡುವವನಲ್ಲ ನಾನು.”

ಹಿಂದಿನ ಸೀಟಿನಿಂದ ತಿಲಕ್ ತಲೆ ಹಾಕಿ, “ಬನ್ನಿ ಅಣ್ಣಾ, ಬನ್ನಿ” ಎಂದ.

“ನವೆಂಬರಿನಲ್ಲಿ ಇಬ್ಬರೂ ಬನ್ನಿ” ಎಂದರು ರೆಜಿನಾ ಬಾಯಿ. “ಐದೈದು ಸೆಟ್ಟು. ನಾನು ನೋಡ್ತೇನೆ.”